ಜಾಹೀರಾತನ್ನು ಬಿಟ್ಟುಕೊಟ್ಟ ಪತ್ರಿಕೆ

ದಕ್ಷಿಣ ಆಫ್ರಿಕದ ಡರ್ಬಾನ್ ನಗರದ ಒಂದು ಮುದ್ರಣಾಲಯದಲ್ಲಿ 1904ನೆಯ ವರ್ಷ ಆಲ್ಬರ್ಟ್ ವೆಸ್ಟ್ ಎಂಬ ಆಂಗ್ಲ ಗೃಹಸ್ಥರು ಲೆಕ್ಕದ ಪುಸ್ತಕಗಳನ್ನು ತೆರೆದು ಕುಳಿತರು. ಜೋಹಾನ್ಸ್‌ಬರ್ಗಿನ ಚಿಕ್ಕ ಮುದ್ರಣಾಲಯವೊಂದರಲ್ಲಿ ಪಾಲುದಾರರಾಗಿದ್ದ ಅವರಿಗೆ ಅಲ್ಲಿಯ ಸಸ್ಯಾಹಾರಿ ಭೋಜನಶಾಲೆಯಲ್ಲಿ ಮೋಹನದಾಸ ಗಾಂಧಿಯವರ ಪರಿಚಯವಾಗಿತ್ತು. ಗಾಂಧೀಜಿಯವರ ಕೋರಿಕೆಯಂತೆ ಅವರು ಡರ್ಬಾನಿಗೆ ಬಂದಿದ್ದರು. ತಿಂಗಳಿಗೆ 10 ಪೌಂಡು ವೇತನ, ಲಾಭ ಬಂದಲ್ಲಿ ಅದರಲ್ಲಿ ಒಂದು ಪಾಲು ಎಂಬುದು ಒಪ್ಪಂದ. ಮುದ್ರಣಾಲಯವು ಲಾಭದಲ್ಲಿ ನಡೆಯುತ್ತಿದೆಯೆಂದು ಅದರ ಸ್ಥಾಪಕರಾದ ಮದನಜಿತ್ ವ್ಯಾವಹಾರಿಕರು ಗಾಂಧೀಜಿಯವರಿಗೆ ತಿಳಿಸಿದ್ದರು. ವೆಸ್ಟ್ ಕಂಡದ್ದೇ ಬೇರೆ. ಲೆಕ್ಕಗಳು ಅಸ್ತವ್ಯಸ್ತವಾಗಿದ್ದವು, ಬರಬೇಕಾದ ಬಾಕಿ ಬೆಳೆದುನಿಂತಿತ್ತು, ಲಾಭವೆಂಬುದರ ಸುಳಿವೇ ಇರಲಿಲ್ಲ. ಅವರು ಇದ್ದುದನ್ನು ಇದ್ದಂತೆ ಬರೆದು ಕಳುಹಿಸಿದರು. ಆದರೆ ಕೆಲಸ ಬಿಟ್ಟು ಹೋಗಲಿಲ್ಲ.

ಆ ಮುದ್ರಣಾಲಯದಿಂದ ಹೊರಡುತ್ತಿದ್ದ ವಾರಪತ್ರಿಕೆಯೇ ‘ಇಂಡಿಯನ್ ಒಪಿನಿಯನ್’. ಅದರ ಮೊದಲ ಸಂಚಿಕೆ 1903ರ ಜೂನ್ 4ರಂದು ಬೆಳಕು ಕಂಡಿತು. ಇಂಗ್ಲಿಷ್, ಗುಜರಾತಿ, ಹಿಂದಿ, ತಮಿಳು ಎಂಬ ನಾಲ್ಕು ಭಾಷೆಗಳ ವಿಭಾಗಗಳು ಅದರಲ್ಲಿದ್ದವು. ಸಂಪಾದಕರೆಂದು ಹೆಸರು ಮನಸುಖಲಾಲ ನಾಜರರದು. ಬರವಣಿಗೆಯ ಹೊರೆ, ಹಣದ ಹೊರೆ ಎರಡೂ ಬಹುಪಾಲು ಗಾಂಧೀಜಿಯವರ ಮೇಲೆ. ವಕೀಲಿ ವೃತ್ತಿಯಲ್ಲಿ ಗಳಿಸಿದ್ದನ್ನೆಲ್ಲ ಅವರು ಅದಕ್ಕೆ ಸುರಿಯುತ್ತಿದ್ದರು; ಒಂದು ಕಾಲದಲ್ಲಿ ತಿಂಗಳಿಗೆ 75 ಪೌಂಡುಗಳಷ್ಟು ಕಳುಹಿಸಬೇಕಾಗಿತ್ತೆಂದು ಆತ್ಮಕಥೆಯಲ್ಲಿ ಬರೆದಿದ್ದಾರೆ. ಮದನಜಿತರ ಮಾತನ್ನು ವಿಚಾರಿಸದೆ ನಂಬಿದ್ದು ತಮ್ಮದೇ ದೋಷವೆಂದು ಅವರು ಎಣಿಸಿದರೇ ಹೊರತು ಸ್ನೇಹಿತನನ್ನು ದೂರಲಿಲ್ಲ.

ಮೊದಲ ಸಂಚಿಕೆಯ ಅಗ್ರಲೇಖನದಲ್ಲಿಯೇ ಪತ್ರಿಕೆ ಒಂದು ಮಾತು ಕೊಟ್ಟಿತ್ತು. ಭಾರತೀಯರಿಗೆ ಆಗುತ್ತಿರುವ ಅನ್ಯಾಯವನ್ನು ಹೇಳುವುದರ ಜೊತೆಗೆ, ಭಾರತೀಯರಲ್ಲಿರುವ ದೋಷಗಳನ್ನೂ ಮುಚ್ಚಿಡದೆ ತೋರಿಸಲಾಗುವುದು ಎಂಬುದೇ ಆ ಮಾತು. ಒಂದು ಸಮುದಾಯದ ಹಿತಕ್ಕಾಗಿ ಹುಟ್ಟಿದ ಪತ್ರಿಕೆಗೆ ಇದಕ್ಕಿಂತ ಕಷ್ಟದ ವ್ರತವಿಲ್ಲ. ಪರರ ತಪ್ಪನ್ನು ಬರೆದರೆ ಚಂದಾದಾರರು ಹೆಚ್ಚುತ್ತಾರೆ. ನಮ್ಮವರದನ್ನು ಬರೆದರೆ ಮೊದಲು ಮುನಿಯುವವರು ಹಣ ಕೊಟ್ಟವರೇ. ವಸತಿಗಳ ಅಶುಚಿತ್ವ ಮೊದಲಾದ ಅಹಿತಕರ ವಿಷಯಗಳನ್ನು ‘ಇಂಡಿಯನ್ ಒಪಿನಿಯನ್’ ಮತ್ತೆ ಮತ್ತೆ ಎತ್ತಿತು. ಆ ಪತ್ರಿಕೆಯನ್ನು ಪೋಷಿಸುತ್ತಿದ್ದವರು ಡರ್ಬಾನ್, ಜೋಹಾನ್ಸ್‌ಬರ್ಗ್‌ಗಳ ಭಾರತೀಯ ವರ್ತಕರೇ ಎಂಬುದನ್ನು ಮರೆಯಬಾರದು.

ವೆಸ್ಟ್ ಅವರ ಪತ್ರ ತಲುಪಿದ ಮೇಲೆ ಗಾಂಧೀಜಿ ಡರ್ಬಾನಿಗೆ ರೈಲು ಹತ್ತಿದರು. ಹೊರಡುವಾಗ ಸ್ನೇಹಿತ ಹೆನ್ರಿ ಪೋಲಾಕ್ ಕೈಗಿತ್ತ ರಸ್ಕಿನ್ ಮಹಾಶಯನ ‘ಅನ್ ಟು ದಿಸ್ ಲಾಸ್ಟ್’ ಎಂಬ ಪುಸ್ತಕವನ್ನು ಆ ರಾತ್ರಿ ನಿದ್ರೆಯಿಲ್ಲದೆ ಓದಿದ ಸಂಗತಿ ಪ್ರಸಿದ್ಧವಾಗಿದೆ. ಅದರ ಫಲವಾಗಿ, ಡರ್ಬಾನಿನಿಂದ 14 ಮೈಲಿ ದೂರದ ಫೀನಿಕ್ಸ್‌ನಲ್ಲಿ 1,000 ಪೌಂಡುಗಳಿಗೆ 100 ಎಕರೆ ಭೂಮಿಯನ್ನು ಕೊಂಡು ಮುದ್ರಣಾಲಯವನ್ನು ಅಲ್ಲಿಗೆ ಸಾಗಿಸಲಾಯಿತು. ಬಣ್ಣ, ದೇಶ, ಕೆಲಸ ಯಾವುದರ ಭೇದವೂ ಇಲ್ಲದೆ ಪ್ರತಿಯೊಬ್ಬನಿಗೂ ತಿಂಗಳಿಗೆ 3 ಪೌಂಡು, ಉಳಿದದ್ದಕ್ಕೆ ಹೊಲದ ದುಡಿಮೆ ಎಂದು ನಿಯಮವಾಯಿತು. ಫೀನಿಕ್ಸ್‌ನ ಮೊದಲ ಸಂಚಿಕೆ 1904ರ ಡಿಸೆಂಬರ್ 24ರದು. ಆ ಸಂಚಿಕೆ ಅಚ್ಚಾಗಬೇಕಾದ ರಾತ್ರಿ ತೈಲದ ಎಂಜಿನ್ ಕೈಕೊಟ್ಟಿತು. ಅಂತಹ ಆಪತ್ತಿಗೆಂದು ಮೊದಲೇ ಸಿದ್ಧಪಡಿಸಿದ್ದ ಕೈಚಕ್ರವನ್ನು ತಿರುಗಿಸಲು ಒಮ್ಮೆಗೆ ನಾಲ್ವರು ಬೇಕಾಗಿತ್ತು. ಅಲ್ಲಿ ಮಲಗಿದ್ದ ಬಡಗಿಗಳನ್ನೂ ಎಬ್ಬಿಸಿ, ಸರದಿಯ ಮೇಲೆ ಬೆಳಗಿನವರೆಗೆ ಚಕ್ರ ತಿರುಗಿಸಿದರು. ಪತ್ರಿಕೆ ಸಕಾಲಕ್ಕೆ ಅಂಚೆಗೆ ಹೋಯಿತು. ಓದುಗನಿಗೆ ಕೊಟ್ಟ ದಿನವನ್ನು ತಪ್ಪಿಸಬಾರದೆಂಬ ಹಟ ಅವರೆಲ್ಲರಲ್ಲಿ ಹೊಕ್ಕಿತ್ತು.

1906ರ ಆರಂಭದಲ್ಲಿ ಹಿಂದಿ ಮತ್ತು ತಮಿಳು ವಿಭಾಗಗಳನ್ನು ನಿಲ್ಲಿಸಲಾಯಿತು. ಇದು ಮೇಲುನೋಟಕ್ಕೆ ಒಂದು ಸೋಲು. ನತಾಲಿನ ಭಾರತೀಯರಲ್ಲಿ ತಮಿಳರ ಸಂಖ್ಯೆ ದೊಡ್ಡದು. ಕರಾರಿನ ಕೂಲಿಗಳಾಗಿ ಬಂದ ಬಡವರು ಹೆಚ್ಚಾಗಿದ್ದುದು ಆ ಎರಡು ಭಾಷೆಗಳವರಲ್ಲಿಯೇ. ಆದರೆ ನಿಲ್ಲಿಸಿದ್ದಕ್ಕೆ ಗಾಂಧೀಜಿ ಕೊಟ್ಟ ಕಾರಣ ಗಮನಿಸತಕ್ಕದ್ದು. ಆ ಭಾಷೆಗಳನ್ನು ಬಲ್ಲ ಸಮರ್ಥ ಲೇಖಕರು ಫೀನಿಕ್ಸ್‌ಗೆ ಬಂದು ನೆಲಸಲು ಸಿದ್ಧರಿರಲಿಲ್ಲ. ಅಚ್ಚಾಗುವುದರ ಮೇಲೆ ಹೊಣೆಗಾರರಾದವರ ಹತೋಟಿಯೂ ಸಾಧ್ಯವಿರಲಿಲ್ಲ. ತಮ್ಮ ಹೆಸರಿನಲ್ಲಿ ಹೊರಡುವ ಮಾತನ್ನು ತಾವೇ ಓದಿ ಪರೀಕ್ಷಿಸಲಾಗದಿದ್ದರೆ ಅದನ್ನು ಹೊರಡಿಸಬಾರದು ಎಂಬುದು ಅಲ್ಲಿಯ ನಿಲುವು. ಬಡವರ ಭಾಷೆಯೇ ಮೊದಲು ಹೋಯಿತೆಂಬ ಆಕ್ಷೇಪಕ್ಕೆ ಇದರಿಂದ ಪೂರ್ಣ ಉತ್ತರ ಸಿಗುವುದಿಲ್ಲ.

ಇನ್ನು ಜಾಹೀರಾತಿನ ವಿಷಯ. ಆರಂಭದ ವರ್ಷಗಳಲ್ಲಿ ‘ಇಂಡಿಯನ್ ಒಪಿನಿಯನ್’ ಇತರ ಪತ್ರಿಕೆಗಳಂತೆಯೇ ಜಾಹೀರಾತುಗಳನ್ನು ಪಡೆಯುತ್ತಿತ್ತು. ಲಗ್ನಪತ್ರಿಕೆ, ಅಂಗಡಿಯ ರಸೀದಿ ಪುಸ್ತಕ ಮುಂತಾದ ಹೊರಗಿನ ಮುದ್ರಣ ಕೆಲಸವನ್ನೂ ಮುದ್ರಣಾಲಯಗಳು ಮಾಡಿಕೊಡುವುದು ವಾಡಿಕೆ. ಈ ಮುದ್ರಣಾಲಯವೂ ಅದಕ್ಕೆ ಹೊರತಾಗಿರಲಿಲ್ಲ. ಇದರಿಂದ ಉಂಟಾದ ತೊಡಕುಗಳನ್ನು ಗಾಂಧೀಜಿ ‘ದಕ್ಷಿಣ ಆಫ್ರಿಕದ ಸತ್ಯಾಗ್ರಹ’ ಎಂಬ ಗ್ರಂಥದಲ್ಲಿ ಒಂದೊಂದಾಗಿ ವಿವರಿಸಿದ್ದಾರೆ. ಯಾವ ಜಾಹೀರಾತನ್ನು ಸ್ವೀಕರಿಸಬೇಕು, ಯಾವುದನ್ನು ತಿರಸ್ಕರಿಸಬೇಕು ಎಂಬ ಧರ್ಮಸಂಕಟ ಪ್ರತಿ ವಾರವೂ ಬರುತ್ತಿತ್ತು. ಒಂದು ಜಾಹೀರಾತು ಆಕ್ಷೇಪಾರ್ಹವೆಂದು ಮನಸ್ಸಿಗೆ ತೋರಿದರೂ, ಅದನ್ನು ಕೊಟ್ಟವನು ಸಮಾಜದ ಮುಖಂಡ. ನಿರಾಕರಿಸಿದರೆ ಅವನು ನೊಂದುಕೊಳ್ಳುತ್ತಾನೆ ಎಂಬ ದಾಕ್ಷಿಣ್ಯಕ್ಕೆ ಅಚ್ಚು ಹಾಕಬೇಕಾಗುತ್ತಿತ್ತು. ಒಳ್ಳೆಯ ಕಾರ್ಯಕರ್ತರು ಜಾಹೀರಾತು ಕೇಳಿಕೊಂಡು ಅಂಗಡಿಯಿಂದ ಅಂಗಡಿಗೆ ಅಲೆಯಬೇಕು. ಆಮೇಲೆ ಅದರ ಬಾಕಿ ವಸೂಲಿಗೆ ಮತ್ತೆ ಅಲೆಯಬೇಕು. ಅಲ್ಲದೆ ಜಾಹೀರಾತುದಾರನನ್ನು ಮುಖಸ್ತುತಿಯಿಂದ ಒಲಿಸಿಕೊಳ್ಳುವುದು ಆ ವ್ಯವಹಾರದ ಅಲಿಖಿತ ಕರಾರಾಗಿತ್ತು.

ಸಂಘ ಸಂಸ್ಥೆಗಳ ಪತ್ರಿಕೆಗಳನ್ನು, ಉತ್ಸವಗಳ ಸ್ಮರಣ ಸಂಚಿಕೆಗಳನ್ನು ಹೊರಡಿಸಿದವರಿಗೆ ಈ ವರ್ಣನೆ ಅಪರಿಚಿತವಾಗಿರಲಾರದು. ಇಂತಹ ಸಂದರ್ಭದಲ್ಲಿ ಕೆಡುಕನು ಯಾರೂ ಇರುವುದಿಲ್ಲ. ಜಾಹೀರಾತು ಕೊಡುವವನು ಬಹುಮಟ್ಟಿಗೆ ದಾನಿಯೇ. ಪಡೆಯುವವನು ಸ್ವಂತಕ್ಕೇನೂ ಪಡೆಯುವುದಿಲ್ಲ. ಆದರೂ ಮುಂದಿನ ಸಂಚಿಕೆಯಲ್ಲಿ ಆ ದಾನಿಯ ವ್ಯವಹಾರದ ಬಗ್ಗೆ ಒಂದು ಸತ್ಯವನ್ನು ಬರೆಯಬೇಕಾಗಿ ಬಂದಾಗ ಲೇಖನಿ ತಡೆಯುತ್ತದೆ. ಸುಳ್ಳು ಹೇಳಿದಂತಾಗಲಿಲ್ಲ, ಒಂದು ನಿಜ ಅಚ್ಚಾಗದೆ ಉಳಿಯಿತು, ಅಷ್ಟೇ. ಗಾಂಧೀಜಿ ಕಂಡ ಅಪಾಯ ಈ ಮೌನದ್ದು.

1912ರಲ್ಲಿ ಎರಡು ನಿರ್ಣಯಗಳು ಜೊತೆಜೊತೆಯಾಗಿ ಹೊರಬಿದ್ದವು. ಫೀನಿಕ್ಸ್‌ನ ಭೂಮಿಯನ್ನೂ ಮುದ್ರಣಾಲಯವನ್ನೂ ಗಾಂಧೀಜಿ ತಮ್ಮ ಒಡೆತನದಿಂದ ಬಿಡಿಸಿ ಒಂದು ಟ್ರಸ್ಟಿಗೆ ವಹಿಸಿಕೊಟ್ಟರು. ಉಮರ್ ಹಾಜಿ ಆಮದ್ ಜೌಹರಿ, ಪಾರ್ಸಿ ರುಸ್ತುಮಜಿ, ಹರ್ಮನ್ ಕಾಲೆನ್‌ಬಾಕ್, ಎಲ್. ಡಬ್ಲ್ಯು. ರಿಚ್, ಪ್ರಾಣಜೀವನದಾಸ ಮೆಹ್ತಾ ಇವರು ಅದರ ವಿಶ್ವಸ್ತರು. ಹಿಂದೂ, ಮುಸಲ್ಮಾನ, ಪಾರ್ಸಿ, ಯೆಹೂದ್ಯ ಎಂಬ ಭೇದವಿಲ್ಲದ ಪಟ್ಟಿ ಇದು. ಎರಡನೆಯದಾಗಿ, ಇನ್ನು ಮುಂದೆ ಪತ್ರಿಕೆಯಲ್ಲಿ ಜಾಹೀರಾತು ಇರುವುದಿಲ್ಲವೆಂದು ಪ್ರಕಟಿಸಲಾಯಿತು. ಹೊರಗಿನ ಮುದ್ರಣ ಕೆಲಸವನ್ನೂ ಹೆಚ್ಚುಕಡಿಮೆ ಇವೇ ಕಾರಣಗಳಿಗಾಗಿ ಬಿಟ್ಟುಬಿಟ್ಟರು. ಮೊಳೆ ಜೋಡಿಸುವವರಿಗೆ ಉಳಿದ ಸಮಯ ಪುಸ್ತಕಗಳ ಪ್ರಕಟಣೆಗೆ ಬಳಕೆಯಾಯಿತು.

ಇದರ ಹಿಂದಿನ ತರ್ಕ ಸರಳವಾದದ್ದು. ಪತ್ರಿಕೆ ಲಾಭಕ್ಕಾಗಿ ನಡೆಯುತ್ತಿಲ್ಲ, ಸೇವೆಗಾಗಿ ನಡೆಯುತ್ತಿದೆ. ಸೇವೆಯನ್ನು ಬಲಾತ್ಕಾರದಿಂದ ಹೇರಲಾಗದು. ಜನಕ್ಕೆ ಅದು ಬೇಕಾಗಿದ್ದರೆ ಮಾತ್ರ ಸಲ್ಲಿಸಬೇಕು. ಬೇಕೋ ಬೇಡವೋ ಎಂಬುದನ್ನು ಜನ ಚಂದಾ ಕಟ್ಟುವುದರ ಮೂಲಕ ತಿಳಿಸಲಿ. ಜಾಹೀರಾತಿನ ಹಣದಿಂದ ಬದುಕುವ ಪತ್ರಿಕೆಗೆ ಓದುಗನು ತನ್ನನ್ನು ಕೈಬಿಟ್ಟದ್ದು ಬಹುಕಾಲ ತಿಳಿಯುವುದೇ ಇಲ್ಲ. ಚಂದಾದಿಂದ ಬದುಕುವುದಕ್ಕೆ ಅದು ಮರುವರ್ಷವೇ ತಿಳಿಯುತ್ತದೆ.

ಪ್ರಚಾರವನ್ನೇ ಬಿಟ್ಟರೆಂದು ಇದರಿಂದ ಭಾವಿಸಬಾರದು. ಜಾಹೀರಾತಿಗಾಗಿ ಅಲೆಯುತ್ತಿದ್ದವರು ಈಗ ಪತ್ರಿಕೆಯನ್ನು ಉತ್ತಮಗೊಳಿಸುವುದರಲ್ಲಿಯೂ ಚಂದಾದಾರರನ್ನು ಸೇರಿಸುವುದರಲ್ಲಿಯೂ ತೊಡಗಿದರು. ಹೀಗೆ ಕೇಳುವುದರಲ್ಲಿ ಅವರಿಗೆ ನಾಚಿಕೆ ಇರಲಿಲ್ಲ, ಅದು ಕರ್ತವ್ಯವೆಂದೇ ತಿಳಿದರು ಎಂದು ಗಾಂಧೀಜಿ ಹೇಳುತ್ತಾರೆ. ಓದಬೇಕಾದವನ ಬಳಿಗೇ ಹೋಗಿ, ಇದರಲ್ಲಿ ಇಂತಹದು ಇದೆ, ಬೇಕಾದರೆ ತೆಗೆದುಕೊಳ್ಳಿರಿ ಎನ್ನುವುದರಲ್ಲಿ ಮರೆಮಾಚುವಂತಹುದೇನೂ ಇಲ್ಲವಷ್ಟೆ. ಭಾನುವಾರ ಬೆಳಗ್ಗೆ ಪತ್ರಿಕೆ ಜೋಹಾನ್ಸ್‌ಬರ್ಗನ್ನು ತಲುಪುತ್ತಿತ್ತು. ಅನೇಕರಿಗೆ ಅಂದಿನ ಮೊದಲ ಕೆಲಸವೆಂದರೆ ಗುಜರಾತಿ ವಿಭಾಗವನ್ನು ಮೊದಲಿನಿಂದ ಕೊನೆಯವರೆಗೆ ಓದುವುದು. ಒಬ್ಬನು ಓದಿದರೆ ಉಳಿದವರು ಸುತ್ತ ಕುಳಿತು ಕೇಳುತ್ತಿದ್ದರು. ಒಂಟಿಯಾಗಿ ಚಂದಾ ಕಟ್ಟಲಾರದವರು ನಾಲ್ಕಾರು ಮಂದಿ ಕೂಡಿ ಕಟ್ಟುತ್ತಿದ್ದರು. ಸಂಚಿಕೆ ತಡವಾದರೆ ದೂರುಗಳ ಸುರಿಮಳೆ. ‘ಸತ್ಯಾಗ್ರಹ’ ಎಂಬ ಪದವಾದರೂ ಈ ಪತ್ರಿಕೆ ಓದುಗರ ಮುಂದಿಟ್ಟ ಒಂದು ಸ್ಪರ್ಧೆಯಿಂದಲೇ ಹುಟ್ಟಿತು. ಮಗನಲಾಲ ಗಾಂಧಿಯವರು ಸೂಚಿಸಿದ ‘ಸದಾಗ್ರಹ’ವನ್ನು ಗಾಂಧೀಜಿ ಹಾಗೆ ಮಾರ್ಪಡಿಸಿದರು.

ಸಾಮಾನ್ಯವಾಗಿ 1,200ರಿಂದ 1,500ರವರೆಗೆ ಇದ್ದ ಚಂದಾದಾರರ ಸಂಖ್ಯೆ, ದರವನ್ನು ಏರಿಸಿದ ಮೇಲೂ, ಹೋರಾಟದ ಬಿಸಿ ಏರಿದ ಕಾಲದಲ್ಲಿ 3,500ನ್ನು ಮುಟ್ಟಿತೆಂದು ಅವರ ಗ್ರಂಥ ತಿಳಿಸುತ್ತದೆ. ಆ ದೇಶದಲ್ಲಿ ಪತ್ರಿಕೆಯನ್ನು ಓದಬಲ್ಲ ಭಾರತೀಯರ ಸಂಖ್ಯೆ ಹೆಚ್ಚೆಂದರೆ 20,000. ಇಲ್ಲಿ ಒಂದು ಎಚ್ಚರಿಕೆಯೂ ಅವಶ್ಯಕ. ಆ ಗ್ರಂಥದ ಹೆಚ್ಚಿನ ಭಾಗವನ್ನು ಅವರು ಯರವಡಾ ಸೆರೆಮನೆಯಲ್ಲಿ, ದಾಖಲೆಗಳಿಲ್ಲದೆ, ನೆನಪಿನಿಂದ ಬರೆಯಿಸಿದರು. ಸಂಖ್ಯೆ ಏರಿದ್ದು ಜಾಹೀರಾತು ನಿಲ್ಲಿಸಿದ್ದರಿಂದಲೇ ಎಂದು ಸಾಧಿಸಲು ಹೊರಡುವುದು ಚರಿತ್ರೆಗೆ ಮಾಡುವ ಅಪಚಾರ. ಜನ ಸೆರೆಮನೆಗೆ ಹೋಗುತ್ತಿದ್ದ ಕಾಲದಲ್ಲಿ ತಮ್ಮವರ ಸುದ್ದಿ ಹೇಳುವ ಪತ್ರಿಕೆ ಹೇಗೂ ಬೆಳೆಯುತ್ತಿತ್ತು. ಜಾಹೀರಾತು ಬಿಟ್ಟರೂ ಪತ್ರಿಕೆ ಸಾಯಲಿಲ್ಲ ಎಂಬಷ್ಟನ್ನೇ ನಿಶ್ಚಯವಾಗಿ ಹೇಳಬಹುದು.

ಗಾಂಧೀಜಿಯವರ ಈ ನಿಷ್ಠುರತೆಗೆ ಮೂಲವೆಲ್ಲಿ ಎಂಬ ಪ್ರಶ್ನೆ ಬಂದಾಗ ರಾಯಚಂದಭಾಯಿಯವರ, ಅಂದರೆ ಶ್ರೀಮದ್ ರಾಜಚಂದ್ರರ, ಹೆಸರು ಬರುವುದು ಸಹಜ. 1891ರಲ್ಲಿ ಮುಂಬಯಿಯಲ್ಲಿ ಅವರನ್ನು ಕಂಡ ಗಾಂಧೀಜಿ, ತಮ್ಮ ಮೇಲೆ ಆಳವಾದ ಪ್ರಭಾವ ಬೀರಿದ ಮೂವರು ಆಧುನಿಕರಲ್ಲಿ ಅವರನ್ನು ಎಣಿಸಿದ್ದಾರೆ. ಉಳಿದಿಬ್ಬರು ಟಾಲ್‌ಸ್ಟಾಯ್ ಮತ್ತು ರಸ್ಕಿನ್. ಮುತ್ತುರತ್ನಗಳ ದೊಡ್ಡ ವ್ಯಾಪಾರ ಮುಗಿದೊಡನೆ ಅಂಗಡಿಯ ಗಾದಿಯ ಮೇಲೆಯೇ ಧರ್ಮಗ್ರಂಥವನ್ನೋ ತಮ್ಮ ಆತ್ಮಚಿಂತನೆಯ ಪುಸ್ತಕವನ್ನೋ ತೆರೆಯುತ್ತಿದ್ದ ಆ ವರ್ತಕರ ಚಿತ್ರ ಆತ್ಮಕಥೆಯಲ್ಲಿದೆ. ವ್ಯವಹಾರ ಬೇರೆ, ಧರ್ಮ ಬೇರೆ ಎಂಬ ಮಾತನ್ನು ಗಾಂಧೀಜಿ ಎಂದೂ ಒಪ್ಪದಿದ್ದುದಕ್ಕೆ ಆ ಸಹವಾಸವೂ ಒಂದು ಕಾರಣವಾಗಿರಬೇಕು. ಆದರೆ ಅಭಿಮಾನ ಮಿತಿ ಮೀರಬಾರದು. ರಾಯಚಂದಭಾಯಿ 1901ರಲ್ಲಿಯೇ ದೇಹವಿಟ್ಟಿದ್ದರು. ಪತ್ರಿಕೆಯನ್ನು ಅವರು ಕಂಡವರಲ್ಲ. ಫೀನಿಕ್ಸ್‌ಗೆ ನೇರ ಕಾರಣವಾದದ್ದು ರಸ್ಕಿನ್ನನ ಪುಸ್ತಕ.

ಭಾರತಕ್ಕೆ ಮರಳಿದ ಮೇಲೆ 1919ರಲ್ಲಿ ‘ಯಂಗ್ ಇಂಡಿಯಾ’ ಮತ್ತು ‘ನವಜೀವನ’ ಪತ್ರಿಕೆಗಳು ಅವರ ಕೈಗೆ ಬಂದವು. ಇವೆರಡರಲ್ಲಿಯೂ ಮೊದಲಿನಿಂದಲೇ ಜಾಹೀರಾತಿಗೆ ಸ್ಥಳವಿರಲಿಲ್ಲ. ಅದರಿಂದ ಪತ್ರಿಕೆಗಳು ಏನನ್ನೂ ಕಳೆದುಕೊಳ್ಳಲಿಲ್ಲ, ಸ್ವಾತಂತ್ರ್ಯವನ್ನು ಉಳಿಸಿಕೊಂಡವು ಎಂಬುದು ಅವರ ಅಭಿಪ್ರಾಯ. ಒಂದು ಕಾಲಕ್ಕೆ ಇವುಗಳ ಪ್ರಸಾರ 40,000ದ ಸಮೀಪಕ್ಕೆ ಹೋಗಿತ್ತು. 1922ರಲ್ಲಿ ಅವರು ಸೆರೆಮನೆ ಸೇರಿದ ಮೇಲೆ ಅದು ಕುಸಿಯಿತು. ಆತ್ಮಕಥೆಯ ಕೊನೆಯ ಅಧ್ಯಾಯಗಳನ್ನು ಬರೆಯುವಾಗ 8,000ಕ್ಕಿಂತ ಕೆಳಗೆ ನಿಂತಿತ್ತು. ಈ ಅಂಕಿಯನ್ನು ಜಗತ್ತಿಗೆ ತಿಳಿಸಿದವರು ಗಾಂಧೀಜಿಯವರೇ. ಏರಿದ ಪ್ರಸಾರವನ್ನು ಮೊದಲ ಪುಟದಲ್ಲಿ ಸಾರುವ ಪತ್ರಿಕೆಗಳಿಗೆ ಕೊರತೆಯಿಲ್ಲ. ಇಳಿದುದನ್ನು ತಾನಾಗಿ ಬರೆದ ಸಂಪಾದಕರು ವಿರಳ.

ಈ ಎಲ್ಲ ಎಚ್ಚರದ ನಡುವೆಯೂ ಒಂದು ಪ್ರಕರಣ ವಿವಾದಕ್ಕೆ ಎಡೆಗೊಟ್ಟಿತು. ರೌಲಟ್ ಕಾಯಿದೆಯ ವಿರುದ್ಧ ಸತ್ಯಾಗ್ರಹದ ಪ್ರತಿಜ್ಞೆಗೆ ಸಹಿ ಹಾಕಿದ ಅಹಮದಾಬಾದಿನ ಕೆಲವು ವಕೀಲರ ಮೇಲೆ ಕ್ರಮ ಕೈಗೊಳ್ಳುವ ಬಗ್ಗೆ, ಅಲ್ಲಿಯ ಜಿಲ್ಲಾ ನ್ಯಾಯಾಧೀಶ ಕೆನಡಿ ಎಂಬವರು 1919ರ ಏಪ್ರಿಲ್‌ನಲ್ಲಿ ಮುಂಬಯಿ ಹೈಕೋರ್ಟಿಗೆ ಪತ್ರ ಬರೆದಿದ್ದರು. ಅದರ ಪ್ರತಿಯೊಂದು ವಕೀಲರೊಬ್ಬರ ಮೂಲಕ ಗಾಂಧೀಜಿಯವರಿಗೆ ದೊರೆಯಿತು. 1919ರ ಆಗಸ್ಟ್ 6ರ ‘ಯಂಗ್ ಇಂಡಿಯಾ’ದಲ್ಲಿ ಅದು ಟೀಕೆಯೊಡನೆ ಪ್ರಕಟವಾಯಿತು. ವಿಚಾರಣೆ ಇನ್ನೂ ಹೈಕೋರ್ಟಿನ ಮುಂದಿತ್ತು. ನ್ಯಾಯಾಲಯ ನಿಂದನೆಯ ಆರೋಪ ಬಂದಾಗ, ಸಿದ್ಧಪಡಿಸಿಕೊಟ್ಟ ಕ್ಷಮಾಪಣೆಯನ್ನು ಪ್ರಕಟಿಸಲು ಅವರು ಒಪ್ಪಲಿಲ್ಲ. ಪತ್ರ ಸಾರ್ವಜನಿಕ ಮಹತ್ವದ್ದು, ಅದನ್ನು ಪ್ರಕಟಿಸಿ ವಿಮರ್ಶಿಸುವುದು ಪತ್ರಕರ್ತನ ಕರ್ತವ್ಯ ಎಂದು ವಾದಿಸಿ, ವಿಧಿಸಿದ ದಂಡನೆಯನ್ನು ಗೌರವದಿಂದ ಅನುಭವಿಸುವೆನೆಂದು ತಿಳಿಸಿದರು. 1920ರ ಮಾರ್ಚ್ 12ರಂದು ಹೈಕೋರ್ಟು ಅವರನ್ನೂ ಪ್ರಕಾಶಕರಾದ ಮಹಾದೇವ ದೇಸಾಯಿಯವರನ್ನೂ ತಪ್ಪಿತಸ್ಥರೆಂದು ಎಣಿಸಿ, ಕಟುವಾದ ಛೀಮಾರಿ ಹಾಕಿ ಬಿಟ್ಟಿತು.

ತತ್ತ್ವಾರ್ಥಸೂತ್ರವು ಸತ್ಯಾಣುವ್ರತಕ್ಕೆ ಹೇಳಿದ ಐದು ಅತಿಚಾರಗಳಲ್ಲಿ ಮಿಥ್ಯೋಪದೇಶ, ಕೂಟಲೇಖಕ್ರಿಯೆಗಳಂತೆಯೇ ರಹೋಭ್ಯಾಖ್ಯಾನವೂ ಸಾಕಾರಮಂತ್ರಭೇದವೂ ಸೇರಿವೆ. ಸುಳ್ಳು ಬರೆಯುವುದು ದೋಷವಾದಂತೆಯೇ, ನಿಜವಾದರೂ ಪರರ ಗುಟ್ಟನ್ನು ಹೊರಗೆಡಹುವುದೂ ದೋಷ. ಈ ದೃಷ್ಟಿಯಿಂದ ನೋಡಿದರೆ ಕೆನಡಿಯವರ ಪತ್ರದ ಪ್ರಕಟಣೆ ಸುಲಭವಾಗಿ ಇತ್ಯರ್ಥವಾಗುವ ವಿಷಯವಲ್ಲ. ಅಧಿಕಾರಿಯೊಬ್ಬರು ತಮ್ಮ ಅಧಿಕಾರದ ಬಲದಿಂದ ಇತರರ ಜೀವನೋಪಾಯದ ಮೇಲೆ ಕೈಯಿಡುವಾಗ ಬರೆದ ಪತ್ರ ಅವರ ಸ್ವಂತ ಗುಟ್ಟಲ್ಲ. ಈ ಅಂಶದಲ್ಲಿ ಗಾಂಧೀಜಿಯವರ ವಾದಕ್ಕೆ ಬಲವಿದೆ. ವಿಚಾರಣೆ ಮುಗಿಯುವವರೆಗೆ ಕಾಯಬಹುದಿತ್ತು ಎಂಬ ಮಾತನ್ನು ಮಾತ್ರ ತಳ್ಳಿಹಾಕಲಾಗದು. ವೈಯಕ್ತಿಕ ಪತ್ರಗಳ ವಿಷಯದಲ್ಲಿ ಅವರ ರೂಢಿ ಬೇರೆಯಾಗಿತ್ತು. ಮನಸ್ಸಿನ ದೌರ್ಬಲ್ಯ, ಸಂಸಾರದ ತೊಡಕು ಮುಂತಾದುವನ್ನು ತೋಡಿಕೊಂಡವರಿಗೆ ಪತ್ರಿಕೆಯಲ್ಲಿಯೇ ಉತ್ತರ ಕೊಡುವಾಗ, ಬರೆದವರ ಹೆಸರನ್ನು ಸಾಮಾನ್ಯವಾಗಿ ಮರೆಯಲ್ಲಿಡುತ್ತಿದ್ದರು.

1933ರ ಫೆಬ್ರವರಿ 11ರಂದು ‘ಹರಿಜನ್’ ಹೊರಟಾಗ ಗಾಂಧೀಜಿ ಯರವಡಾ ಸೆರೆಮನೆಯಲ್ಲಿದ್ದರು, ಆರ್. ವಿ. ಶಾಸ್ತ್ರಿಯವರು ಸಂಪಾದಕರು, ಪುಣೆಯಿಂದ ಪ್ರಕಟಣೆ, ಮೊದಲ ಮುದ್ರಣ 10,000 ಪ್ರತಿ. ಪತ್ರಿಕೆ ತನ್ನ ಖರ್ಚನ್ನು ತಾನೇ ಹುಟ್ಟಿಸಿಕೊಳ್ಳಬೇಕು ಎಂಬ ಹಳೆಯ ನಿಯಮ ಇದಕ್ಕೂ ಅನ್ವಯಿಸಿತು. ‘ಇಂಡಿಯನ್ ಒಪಿನಿಯನ್’ ಇತ್ತ ದಕ್ಷಿಣ ಆಫ್ರಿಕದಲ್ಲಿ ಮಗ ಮಣಿಲಾಲರ ಸಂಪಾದಕತ್ವದಲ್ಲಿ ಮುಂದುವರಿದು, 1956ರಲ್ಲಿ ಅವರು ತೀರಿಕೊಂಡ ಮೇಲೆ ಪತ್ನಿ ಸುಶೀಲಾ ಗಾಂಧಿಯವರು ಹೊತ್ತು ನಡೆಸಿ, 1961ರಲ್ಲಿ ನಿಂತಿತು.

ಬರೆದುದರ ಒಡೆತನದ ವಿಷಯವಾಗಿ ಅವರ ವಿಚಾರ ಒಂದೇ ಕಡೆ ನಿಲ್ಲಲಿಲ್ಲ. 1909ರ ಡಿಸೆಂಬರ್‌ನಲ್ಲಿ ‘ಇಂಡಿಯನ್ ಒಪಿನಿಯನ್’ನ ಗುಜರಾತಿ ಪುಟಗಳಲ್ಲಿ ಬಂದ ‘ಹಿಂದ್ ಸ್ವರಾಜ್’ 1910ರಲ್ಲಿ ಇಂಗ್ಲಿಷ್ ಪುಸ್ತಕವಾದಾಗ, ಯಾವ ಹಕ್ಕನ್ನೂ ಕಾದಿರಿಸಿಲ್ಲವೆಂಬ ಸೂಚನೆ ಅದರ ಮೇಲಿತ್ತು. ಪತ್ರಿಕೆಯ ಬರಹ ಎಲ್ಲರ ಸೊತ್ತು ಎಂದು ಅವರು ಬಹುಕಾಲ ನಂಬಿದ್ದರು. ಬರಬರುತ್ತ ಹುರುಳುಗೆಟ್ಟ ಅನುವಾದಗಳೂ ಅರ್ಥ ತಿರುಚಿದ ಅವಸರದ ಪ್ರಕಟಣೆಗಳೂ ಕಣ್ಣಿಗೆ ಬಿದ್ದ ಮೇಲೆ, ಹಣಕ್ಕಾಗಿ ಅಲ್ಲದಿದ್ದರೂ ಮಾತಿನ ಶುದ್ಧಿಗಾಗಿ ಒಂದು ಕಾವಲು ಬೇಕೆಂದು ಒಪ್ಪಿಕೊಂಡರು. 1929ರಲ್ಲಿ ಸ್ಥಾಪಿತವಾಗಿದ್ದ ನವಜೀವನ ಟ್ರಸ್ಟಿಗೆ ಕೊನೆಯಲ್ಲಿ ತಮ್ಮ ಎಲ್ಲ ಬರಹಗಳ ಹಕ್ಕನ್ನು ಬಿಟ್ಟರು. ಗೊರೂರು ರಾಮಸ್ವಾಮಿ ಅಯ್ಯಂಗಾರ್ಯರ ಅನುವಾದದಲ್ಲಿ ಕನ್ನಡಿಗರು ಆತ್ಮಕಥೆಯನ್ನು ಅಗ್ಗದ ಬೆಲೆಗೆ ಓದಲು ಸಾಧ್ಯವಾದದ್ದು ಆ ಟ್ರಸ್ಟಿನಿಂದ.

ಭಾರತದ ಕಾಯಿದೆಯಂತೆ ಲೇಖಕನ ಮರಣಾನಂತರದ ಹಕ್ಕಿನ ಅವಧಿ ಮೊದಲು 50 ವರ್ಷಗಳಿದ್ದುದು, ರವೀಂದ್ರನಾಥ ಠಾಕೂರರ ಕೃತಿಗಳ ಅವಧಿ ಮುಗಿಯುತ್ತ ಬಂದಾಗ 1992ರಲ್ಲಿ 60ಕ್ಕೆ ಏರಿತು. ಗಾಂಧೀಜಿಯವರ ಬರಹಗಳ ಹಕ್ಕು 2009ರ ಜನವರಿ 1ರಂದು ಮುಗಿಯಿತು. ಅದನ್ನು ಇನ್ನಷ್ಟು ವಿಸ್ತರಿಸಬೇಕೆಂದು ನವಜೀವನ ಟ್ರಸ್ಟು ಸರ್ಕಾರವನ್ನು ಕೇಳಲಿಲ್ಲ.